ಎರಡನೇ ‘ಯಾಕೆ’ಗೆ ಉತ್ತರ ಹೇಳೋರು ಯಾರು?

ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರಲ್ಲಿ ಬಹಳಷ್ಟು ಜನ ಅರ್ಥಶಾಸ್ತ್ರ ಓದಿದವರಲ್ಲ. ಇದೇನು ಗುಟ್ಟಲ್ಲ, ಶಾಲೆಯ ಒಳಗಿರುವ ಎಲ್ಲರಿಗೂ ಗೊತ್ತು. ಸಮಾಜ ವಿಜ್ಞಾನ ಅಂತ ಒಂದೇ ಹೆಸರಿನ ಕೆಳಗೆ ನಾಲ್ಕೈದು ವಿಷಯ ಸೇರಿಸಿರುತ್ತಾರೆ, ಹಾಗಾಗಿ ಇತಿಹಾಸ ಓದಿದವರು, ಭೂಗೋಳ ಓದಿದವರು, ರಾಜ್ಯಶಾಸ್ತ್ರ ಓದಿದವರು ಎಲ್ಲರ ಪಾಲಿಗೂ ಇದು ಬರುತ್ತದೆ. ಭೌತಶಾಸ್ತ್ರದ ಪಾಠವನ್ನು ಇತಿಹಾಸದ ಮೇಷ್ಟ್ರಿಗೆ ಕೊಡಿ ನೋಡೋಣ, ಮಾರನೇ ದಿನವೇ ಪೋಷಕರು ಹೆಡ್‌ಮಾಸ್ಟರ್ ರೂಮಿನ ಮುಂದೆ ನಿಂತಿರುತ್ತಾರೆ. ಅರ್ಥಶಾಸ್ತ್ರದ ವಿಚಾರಕ್ಕೆ ಯಾರೂ ಚಕಾರ ಎತ್ತೋದಿಲ್ಲ. ಬೆಲೆ, ಸಂಬಳ, ಸಾಲ, ತೆರಿಗೆ, ಇದೆಲ್ಲ ಎಲ್ಲರಿಗೂ ಗೊತ್ತಿರೋದೇ ತಾನೇ, ಪುಸ್ತಕ ನೋಡಿಕೊಂಡು ಹೇಳಿದರಾಯ್ತು ಅನ್ನೋ ಭಾವನೆ.

ನಾನು ಶಿಕ್ಷಕರ ತರಬೇತಿಗೆ ಅಂತ ಹೋಗುತ್ತಿರುತ್ತೇನೆ. ಅದರ ಜೊತೆಗೆ ಆಗಾಗ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವ ಅವಕಾಶವೂ ಸಿಗುತ್ತದೆ. ಹಾಗೆ ಕೂತು ಕೂತು ನನಗೆ ಅನಿಸಿದ್ದು ಇಷ್ಟು: ಮೊದಲನೇ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲ ಮೇಷ್ಟ್ರೂ ತಯಾರಾಗಿಯೇ ಬಂದಿರುತ್ತಾರೆ. ಬೇಡಿಕೆ ಎಂದರೇನು, ಹಣದುಬ್ಬರ ಎಂದರೇನು, ಕೇಂದ್ರೀಯ ಬ್ಯಾಂಕಿನ ಕೆಲಸಗಳೇನು, ಎಲ್ಲದಕ್ಕೂ ಉತ್ತರ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ. ಕಷ್ಟ ಶುರುವಾಗೋದು ಎರಡನೇ ಪ್ರಶ್ನೆಗೆ. ಹುಡುಗರು ಆ ಉತ್ತರವನ್ನು ಕೇಳಿ, ಸ್ವಲ್ಪ ಯೋಚಿಸಿ, ‘ಹಾಗಾದರೆ ಇದು ಯಾಕೆ ಹೀಗೆ?’ ಅಂತಾರಲ್ಲ, ಅಲ್ಲಿ.

ಒಂದು ತರಗತಿಯಲ್ಲಿ ಬೇಡಿಕೆ ಪೂರೈಕೆಯ ಪಾಠ ನಡೀತಿತ್ತು. ಬೋರ್ಡಿನ ಮೇಲೆ ಎರಡು ರೇಖೆ, ಅವು ಕೂಡುವ ಜಾಗದಲ್ಲಿ ಒಂದು ಚುಕ್ಕಿ, ಪಕ್ಕದಲ್ಲಿ ‘ಸಮತೋಲನ ಬೆಲೆ’ ಅಂತ ಬರೆದಾಗಿತ್ತು. ಒಬ್ಬ ಹುಡುಗಿ ಎದ್ದು ನಿಂತಳು. ‘ಮಿಸ್, ಬೆಲೆ ಏರಿದರೆ ಬೇಡಿಕೆ ಕಮ್ಮಿ ಆಗುತ್ತೆ ಅಂದ್ರಿ. ಬೇಡಿಕೆ ಕಮ್ಮಿ ಆದರೆ ಬೆಲೆ ಇಳಿಯುತ್ತೆ ಅಂತಾನೂ ಅಂದ್ರಿ. ಹಾಗಾದರೆ ಏರಿದ ಬೆಲೆ ತಾನಾಗೇ ಇಳಿದುಬಿಡಬೇಕಲ್ವಾ? ಬೆಲೆ ಏರಿ ಅಲ್ಲೇ ನಿಲ್ಲೋದು ಹೇಗೆ?’

ಎಂಥ ಪ್ರಶ್ನೆ ನೋಡಿ! ಇಡೀ ಪಾಠದ ಜೀವ ಆ ಒಂದು ಪ್ರಶ್ನೆಯಲ್ಲಿತ್ತು. ಮೇಡಂ ಒಂದು ಕ್ಷಣ ಬೋರ್ಡ್ ನೋಡಿದರು, ಆಮೇಲೆ ‘ಇತರ ಅಂಶಗಳು ಸ್ಥಿರವಾಗಿರುವಾಗ’ ಅಂತ ಶುರುವಾಗುವ ನಿಯಮವನ್ನು ಇನ್ನೊಂದು ಸಲ ನಿಧಾನವಾಗಿ ಓದಿದರು. ಹುಡುಗಿ ತಲೆಯಾಡಿಸಿ ಕೂತಳು. ಅರ್ಥ ಆಗಿ ಕೂತದ್ದಲ್ಲ, ಸುಮ್ನೆ ಕೂತದ್ದು.

ಆ ಗೋಜಲು ಬಿಡಿಸೋದು ಅಷ್ಟೇನೂ ಕಷ್ಟವಲ್ಲ, ಒಂದು ಸಲ ಯಾರಾದರೂ ನಮಗೆ ಬಿಡಿಸಿ ತೋರಿಸಿದ್ದರೆ. ಬೇಡಿಕೆ ಅನ್ನೋದು ಒಂದು ಸಂಖ್ಯೆ ಅಲ್ಲ, ಅದು ಪೂರ್ತಿ ರೇಖೆ: ಈ ಬೆಲೆಗೆ ಇಷ್ಟು ಕೊಳ್ಳುತ್ತಾರೆ, ಆ ಬೆಲೆಗೆ ಅಷ್ಟು ಕೊಳ್ಳುತ್ತಾರೆ ಅನ್ನೋ ಪಟ್ಟಿ. ಬೆಲೆ ಏರಿದಾಗ ಜನ ಅದೇ ರೇಖೆಯ ಮೇಲೆ ಮೇಲಕ್ಕೆ ಸರಿದು ಕಮ್ಮಿ ಕೊಳ್ಳುತ್ತಾರೆ, ರೇಖೆ ಇದ್ದಲ್ಲೇ ಇರುತ್ತದೆ. ಇಲ್ಲಿ ಕಮ್ಮಿ ಆದದ್ದು ಕೊಳ್ಳುವ ಪ್ರಮಾಣ. ‘ಬೇಡಿಕೆ ಕಮ್ಮಿ ಆದರೆ ಬೆಲೆ ಇಳಿಯುತ್ತೆ’ ಅನ್ನುವಾಗ ರೇಖೆಯೇ ಎಡಕ್ಕೆ ಜರುಗಿರುತ್ತದೆ, ಅಂದರೆ ಎಲ್ಲ ಬೆಲೆಗಳಲ್ಲೂ ಜನ ಮೊದಲಿಗಿಂತ ಕಮ್ಮಿ ಕೊಳ್ಳೋಕೆ ಶುರು ಮಾಡಿದ್ದಾರೆ. ಎರಡು ಬೇರೆ ಬೇರೆ ಸಂಗತಿಗೆ ನಾವು ದಿನಬಳಕೆಯಲ್ಲಿ ಒಂದೇ ಮಾತು ಆಡುತ್ತೇವೆ, ಅಷ್ಟೇ. ಇನ್ನೂ ಮುಖ್ಯವಾದದ್ದು ಆ ಹುಡುಗಿಗೆ ತಿರುಗಿ ಕೇಳಬೇಕಾದ ಪ್ರಶ್ನೆ: ‘ಮೊದಲು ಬೆಲೆ ಏರಿದ್ದು ಯಾಕೆ?’ ಪೂರೈಕೆ ಕಡಿಮೆಯಾಗಿ ಏರಿದ್ದರೆ ಅದು ಹೊಸ ಜಾಗದಲ್ಲಿ ನಿಲ್ಲುತ್ತದೆ, ವಾಪಸ್ ಬರೋಕೆ ಕಾರಣವಿಲ್ಲ. ಕಾರಣವೇ ಇಲ್ಲದೆ ಯಾರೋ ಬೆಲೆ ಏರಿಸಿದ್ದರೆ ಮಾಲು ಮಿಕ್ಕುತ್ತದೆ, ಆಗ ಅವಳು ಹೇಳಿದ ಹಾಗೇ ಬೆಲೆ ಇಳಿಯುತ್ತದೆ. ಅಂದರೆ ಅವಳ ಮಾತು ಅರ್ಧ ಸರಿಯೇ ಇತ್ತು! ಅದನ್ನ ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಪಾಠ ನಡೀತಾ ಇರುವಾಗ ಹಿಂದಿನ ಬೆಂಚಿನಿಂದ ನಾನು ಬಾಯಿ ಹಾಕೋದು ಸರಿಯಲ್ಲ.

ಆ ಮೇಡಂ ಬಗ್ಗೆ ನಗೋಕೆ ನನಗೆ ಮನಸ್ಸಿಲ್ಲ. ಅವರು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಒಂದೋ ಎರಡೋ ಪೇಪರ್ ಓದಿ, ಪಾಸಾಗಿ, ಅದಾದ ಎಷ್ಟೋ ವರ್ಷದ ಮೇಲೆ ಪಾಠ ಮಾಡೋಕೆ ನಿಂತವರು. ಅಷ್ಟೇ ಅಲ್ಲ, ಅರ್ಥಶಾಸ್ತ್ರವನ್ನೇ ಉಸಿರಾಡುವವರ ಕಥೆಯೂ ಏನು ದೊಡ್ಡದಿಲ್ಲ.

ಅಮೆರಿಕದ ಪಾಲ್ ಫೆರಾರೊ ಮತ್ತು ಲಾರಾ ಟೇಲರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ತಮ್ಮವರಿಗೇ ಒಂದು ಪರೀಕ್ಷೆ ಇಟ್ಟರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು. ಪ್ರಶ್ನೆ ಹೀಗಿದೆ: ನಿಮಗೆ ಒಬ್ಬ ಗಾಯಕನ ಕಛೇರಿಗೆ ಪುಕ್ಕಟೆ ಟಿಕೆಟ್ ಸಿಕ್ಕಿದೆ, ಅದನ್ನು ಮಾರೋಕೆ ಆಗಲ್ಲ. ಅದೇ ರಾತ್ರಿ ಇನ್ನೊಬ್ಬ ಗಾಯಕನ ಕಛೇರಿಯೂ ಇದೆ, ಅದು ನಿಮಗೆ ಅದರ ನಂತರದ ಆಯ್ಕೆ. ಅದರ ಟಿಕೆಟ್ 40 ಡಾಲರ್. ಯಾವ ದಿನವಾದರೂ ಅವನನ್ನು ಕೇಳೋಕೆ ನೀವು 50 ಡಾಲರ್‌ವರೆಗೂ ಕೊಡಲು ಸಿದ್ಧ. ಬೇರೆ ಖರ್ಚಿಲ್ಲ. ಈಗ ಮೊದಲನೇ ಗಾಯಕನ ಕಛೇರಿಗೆ ಹೋದರೆ ನಿಮಗಾಗುವ ಅವಕಾಶ ವೆಚ್ಚ, ಅಂದರೆ ಇದನ್ನು ಆರಿಸಿದ್ದಕ್ಕೆ ಕೈಬಿಟ್ಟ ಇನ್ನೊಂದರಿಂದ ಸಿಗಬಹುದಾಗಿದ್ದ ಲಾಭ, ಎಷ್ಟು? 0, 10, 40, 50, ನಾಲ್ಕರಲ್ಲಿ ಒಂದು ಆರಿಸಿ.

ಸರಿ ಉತ್ತರ 10. ಎರಡನೆಯವನ ಕಛೇರಿಯಿಂದ ನಿಮಗೆ ಸಿಗಬಹುದಾಗಿದ್ದ ಖುಷಿಯ ಬೆಲೆ 50, ಅದಕ್ಕೆ ಕೊಡಬೇಕಾಗಿದ್ದದ್ದು 40, ಹಾಗಾಗಿ ನೀವು ನಿಜಕ್ಕೂ ಬಿಟ್ಟುಕೊಟ್ಟದ್ದು ಮಿಕ್ಕ 10. ಅರ್ಥಶಾಸ್ತ್ರಜ್ಞರ ವಾರ್ಷಿಕ ಸಮಾವೇಶದಲ್ಲಿ 199 ಜನರಿಗೆ ಇದನ್ನು ಕೇಳಿದರು, ಸರಿ ಹೇಳಿದವರು ಶೇಕಡಾ 21.6. ಕಣ್ಣು ಮುಚ್ಚಿ ಒಂದು ಉತ್ತರ ಆರಿಸಿದ್ದರೂ ಶೇಕಡಾ 25 ಜನ ಸರಿ ಹೇಳಿರುತ್ತಿದ್ದರು! ಇದೇ ಪ್ರಶ್ನೆಯನ್ನು ಕಾಲೇಜು ವಿದ್ಯಾರ್ಥಿಗಳಿಗೂ ಕೊಟ್ಟಿದ್ದರು. ಅರ್ಥಶಾಸ್ತ್ರದ ಕೋರ್ಸ್ ತಗೊಂಡವರಲ್ಲಿ ಶೇಕಡಾ 7.4 ಜನ ಸರಿ ಹೇಳಿದರೆ, ತಗೊಳ್ಳದೇ ಇದ್ದವರಲ್ಲಿ 17.2. ಓದಿದವರಿಗಿಂತ ಓದದವರೇ ವಾಸಿ ಅನ್ನೋ ಹಾಗಾಯ್ತು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅವಕಾಶ ವೆಚ್ಚವನ್ನು ಯಾವ ರೀತಿ ಲೆಕ್ಕ ಹಾಕುತ್ತೀರಿ ಅನ್ನೋದರ ಮೇಲೆ ನಾಲ್ಕೂ ಉತ್ತರಗಳನ್ನ ಸಮರ್ಥಿಸಬಹುದು, ತಪ್ಪು ಜನರದ್ದಲ್ಲ ವ್ಯಾಖ್ಯೆಯದ್ದು ಅಂತ 2012ರಲ್ಲಿ ಇನ್ನಿಬ್ಬರು ವಾದ ಮಾಡಿದರು. ಇರಬಹುದು. ಆದರೆ ಅದು ನಮ್ಮ ಹೈಸ್ಕೂಲ್ ಮೇಷ್ಟ್ರಿಗೆ ಸಮಾಧಾನದ ಸುದ್ದಿಯಂತೂ ಅಲ್ಲ. ಪುಸ್ತಕದ ಮೊದಲ ಪಾಠದಲ್ಲೇ ಬರುವ, ಎಲ್ಲಕ್ಕಿಂತ ಸುಲಭ ಅಂತ ಎಲ್ಲರೂ ಅಂದುಕೊಂಡಿರುವ ಕಲ್ಪನೆ ಅದು. ಅದರ ಬಗ್ಗೆಯೇ ದೊಡ್ಡವರು ಹೀಗೆ ಜಗಳವಾಡಿದರೆ, ‘ತ್ಯಾಗ ಮಾಡಿದ ಮುಂದಿನ ಉತ್ತಮ ಆಯ್ಕೆಯ ಮೌಲ್ಯ’ ಅನ್ನೋ ಒಂದು ಸಾಲು ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರು ನಲವತ್ತು ನಿಮಿಷ ಏನು ಮಾಡಬೇಕು?

ಅದಕ್ಕೇ, ‘ಮೇಷ್ಟ್ರುಗಳಿಗೆ ಇನ್ನೊಂದು ಕೋರ್ಸ್ ಮಾಡಿಸಿ, ಎಲ್ಲ ಸರಿಹೋಗುತ್ತೆ’ ಅನ್ನುವವರ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಓದಿದರೆ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಕಾಲೇಜಿನ ಮೊದಲ ವರ್ಷದ ಅರ್ಥಶಾಸ್ತ್ರ ಇರೋದು ಮುಂದೆ ಅರ್ಥಶಾಸ್ತ್ರವನ್ನೇ ಓದುವವರಿಗಾಗಿ. ಸರಾಸರಿ ವೆಚ್ಚದ ರೇಖೆ, ಸೀಮಾಂತ ವೆಚ್ಚದ ರೇಖೆ, ಅವೆರಡೂ ಎಲ್ಲಿ ಕೂಡುತ್ತವೆ, ಇದನ್ನೆಲ್ಲ ಬಿಡಿಸಿ ಅಂಕ ತಗೊಂಡವರಿಗೂ ಹದಿನೈದು ವರ್ಷದ ಹುಡುಗಿಯ ಆ ಪ್ರಶ್ನೆಗೆ ಉತ್ತರ ಹೊಳೆಯಬೇಕು ಅಂತೇನಿಲ್ಲ. ಶಿಕ್ಷಣದ ಬಗ್ಗೆ ಬರೆದ ಲೀ ಶುಲ್ಮನ್ 1986ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದ್ದರು: ವಿಷಯ ಗೊತ್ತಿರೋದು ಒಂದು, ಪಾಠ ಮಾಡುವ ಕಲೆ ಗೊತ್ತಿರೋದು ಇನ್ನೊಂದು, ಇವೆರಡರ ನಡುವೆ ಮೂರನೆಯದೊಂದಿದೆ. ಈ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಎದ್ದು ನಿಲ್ಲುತ್ತಾರೆ ಅನ್ನೋ ಜ್ಞಾನ ಅದು. ಗಣಿತದವರಿಗೆ ಇದು ಚೆನ್ನಾಗಿ ಗೊತ್ತು, ಭಿನ್ನರಾಶಿ ಕೂಡಿಸುವಾಗ ಮಕ್ಕಳು ಮಾಡುವ ತಪ್ಪುಗಳ ಪಟ್ಟಿಯೇ ಅವರ ಬಾಯಲ್ಲಿರುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರನ್ನ ಅಂಥ ಪಟ್ಟಿ ಕೇಳಿ, ಮುಖ ನೋಡುತ್ತಾರೆ.

ಇನ್ನು ಪುಸ್ತಕವೇ ಹಳೇದಾಗಿದ್ದರೆ? ಬ್ಯಾಂಕ್ ಮತ್ತು ಹಣದ ಪಾಠ ತಗೊಳ್ಳಿ. ಎಷ್ಟೋ ಪುಸ್ತಕಗಳಲ್ಲಿ ಇವತ್ತಿಗೂ ಅದೇ ಲೆಕ್ಕ: ಯಾರೋ 1000 ಠೇವಣಿ ಇಡುತ್ತಾರೆ, ಬ್ಯಾಂಕ್ ಅದರಲ್ಲಿ ಶೇಕಡಾ 10 ಮೀಸಲಿಟ್ಟು 900 ಸಾಲ ಕೊಡುತ್ತದೆ, ಆ 900 ಇನ್ನೊಂದು ಬ್ಯಾಂಕಿಗೆ ಹೋಗಿ 810 ಆಗುತ್ತದೆ, ಹೀಗೆ ಸಾಗಿ ಸಾಗಿ ಕೊನೆಗೆ ಒಟ್ಟು ಠೇವಣಿ 10,000. ಅಂದವಾದ ಲೆಕ್ಕ, ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಆದರೆ 2014ರಲ್ಲಿ ಬ್ರಿಟನ್ನಿನ ಕೇಂದ್ರೀಯ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನದೇ ಪತ್ರಿಕೆಯಲ್ಲಿ ಬರೆಯಿತು, ನಿಜದಲ್ಲಿ ಹಣ ಹುಟ್ಟೋದು ಹೀಗಲ್ಲ ಅಂತ. ಬ್ಯಾಂಕ್ ಸಾಲ ಕೊಟ್ಟಾಗ ಸಾಲಗಾರನ ಖಾತೆಯಲ್ಲಿ ಅಷ್ಟು ಮೊತ್ತ ಬರೆಯುತ್ತದೆ, ಆ ಬರೆಯುವ ಕ್ಷಣದಲ್ಲೇ ಹೊಸ ಠೇವಣಿ ಹುಟ್ಟುತ್ತದೆ. ಮೊದಲು ಯಾರೋ ತಂದು ಇಟ್ಟದ್ದನ್ನೇ ಎತ್ತಿ ಕೊಡೋದಲ್ಲ. ಎಷ್ಟು ಸಾಲ ಕೊಡಬಹುದು ಅನ್ನೋದನ್ನ ಬಡ್ಡಿದರ, ಬಂಡವಾಳದ ನಿಯಮ, ಸಾಲ ವಾಪಸ್ ಬರುತ್ತದೋ ಇಲ್ಲವೋ ಅನ್ನೋ ಭಯ, ಇವೆಲ್ಲ ತೀರ್ಮಾನಿಸುತ್ತವೆ. ಅಮೆರಿಕದ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್ 2008ರ ಅಕ್ಟೋಬರಿನಲ್ಲಿ ಬ್ಯಾಂಕುಗಳ ಮೀಸಲಿಗೇ ಬಡ್ಡಿ ಕೊಡೋಕೆ ಶುರು ಮಾಡಿತು, 2020ರ ಮಾರ್ಚಿನಲ್ಲಿ ಕಡ್ಡಾಯ ಮೀಸಲಿನ ಪ್ರಮಾಣವನ್ನೇ ಸೊನ್ನೆಗೆ ಇಳಿಸಿತು. ಒಂದನ್ನು ಮೀಸಲಿನ ಪ್ರಮಾಣದಿಂದ ಭಾಗಿಸಿದರೆ ಠೇವಣಿ ಎಷ್ಟು ಪಟ್ಟು ಆಗುತ್ತದೆ ಅಂತ ಸಿಗುತ್ತದೆ, ಇದು ಪುಸ್ತಕದ ಸೂತ್ರ. ಆ ಸೊನ್ನೆಯನ್ನು ಅದಕ್ಕೆ ಹಾಕಿ ನೋಡಿ, ಒಂದನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಹಣಕ್ಕೆ ಕೊನೆಯೇ ಇಲ್ಲ ಅನ್ನುತ್ತದೆ ಸೂತ್ರ! ಎಲ್ಲ ದೇಶದಲ್ಲೂ ಹೀಗೇ ಅಂತಲ್ಲ, ಮೀಸಲಿನ ನಿಯಮ ಇನ್ನೂ ಇಟ್ಟುಕೊಂಡಿರುವ ದೇಶಗಳೂ ಇವೆ. ಆದರೆ ಇದನ್ನೆಲ್ಲ ಮೇಷ್ಟ್ರಿಗೆ ಹೇಳುವವರು ಯಾರು? ಅವರು ಓದಿದಾಗ ಇದ್ದದ್ದೇ ಬೇರೆ, ಈಗಿರೋದೇ ಬೇರೆ, ಪರೀಕ್ಷೆಯಲ್ಲಿ ಬರೋದು ಹಳೇದು.

ಇಂಥ ಕಡೆ ಮೇಷ್ಟ್ರುಗಳು ನನ್ನನ್ನ ಕೇಳುತ್ತಾರೆ, ‘ಸರಿಯಾದದ್ದು ಹೇಳಲಾ, ಅಂಕ ಬರೋದು ಹೇಳಲಾ?’ ಅಂತ. ಎರಡೂ ಹೇಳಿ ಅನ್ನುತ್ತೇನೆ. ಮಕ್ಕಳು ನಾವು ಅಂದುಕೊಂಡಷ್ಟು ದಡ್ಡರಲ್ಲ, ‘ಇದು ಪರೀಕ್ಷೆಗೆ, ಇದು ನಿಜಕ್ಕೆ’ ಅಂದರೆ ಅವರಿಗೆ ಅರ್ಥ ಆಗುತ್ತದೆ, ಇನ್ನೂ ಜಾಸ್ತಿ ಆಸಕ್ತಿ ಬರುತ್ತದೆ.

ಎಲ್ಲ ತರಗತಿಯಲ್ಲೂ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಇನ್ನೊಂದಿದೆ: ‘ಸರ್, ಸರ್ಕಾರ ನೋಟು ಛಾಪಿಸಿ ಎಲ್ಲರಿಗೂ ಹಂಚಬಹುದಲ್ವಾ?’ ಇದಕ್ಕೆ ಮೊದಲ ಉತ್ತರ ಎಲ್ಲ ಮೇಷ್ಟ್ರಿಗೂ ಬಾಯಿಪಾಠ. 1923ರ ಜರ್ಮನಿ, ಜಿಂಬಾಬ್ವೆ 2009ರಲ್ಲಿ ಹೊರತಂದ 100 ಲಕ್ಷ ಕೋಟಿ ಡಾಲರಿನ ನೋಟು, ಹಣ ಜಾಸ್ತಿ ಆದರೆ ಬೆಲೆ ಏರುತ್ತದೆ, ಮುಗೀತು. ಚುರುಕು ಹುಡುಗ ಒಬ್ಬ ಇದ್ದರೆ ಮುಗಿಯೋದಿಲ್ಲ. 2008ರ ನಂತರ ದೊಡ್ಡ ದೊಡ್ಡ ಕೇಂದ್ರೀಯ ಬ್ಯಾಂಕುಗಳು ರಾಶಿ ರಾಶಿ ಹಣ ಸೃಷ್ಟಿಸಿದವಲ್ಲ, ಆಮೇಲೆ ಹತ್ತು ವರ್ಷ ಅಮೆರಿಕದಲ್ಲಾಗಲಿ ಜಪಾನಿನಲ್ಲಾಗಲಿ ಬೆಲೆ ಯಾಕೆ ಹಾರಲಿಲ್ಲ? 2021-22ರಲ್ಲಿ ಅಮೆರಿಕದಲ್ಲಿ ಯಾಕೆ ಹಾರಿತು? ಇಲ್ಲಿ ಮೇಷ್ಟ್ರಿಗೆ ಪೂರ್ತಿ ಉತ್ತರ ಗೊತ್ತಿರಬೇಕು ಅಂತ ನಾನು ಹೇಳಲ್ಲ, ಅರ್ಥಶಾಸ್ತ್ರಜ್ಞರೇ ಇನ್ನೂ ಕಚ್ಚಾಡುತ್ತಿದ್ದಾರೆ. ಆದರೆ ಬ್ಯಾಂಕುಗಳ ಮೀಸಲಿನಲ್ಲಿ ಕೂತ ಹಣ ಬೇರೆ, ಜನರ ಕೈಗೆ ಬಂದು ಖರ್ಚಾಗುವ ಹಣ ಬೇರೆ, ಕೊಳ್ಳೋಕೆ ಮಾಲು ಇದೆಯೋ ಇಲ್ಲವೋ ಅನ್ನೋದೂ ಮುಖ್ಯ, ಇಷ್ಟಾದರೂ ಹೇಳಿ ಚರ್ಚೆಯನ್ನ ಜೀವಂತ ಇಡುವಷ್ಟು ಧೈರ್ಯ ಬೇಕು.

ಧೈರ್ಯ ಅಂದೆ, ಯಾಕಂದರೆ ಅರ್ಥಶಾಸ್ತ್ರದಲ್ಲಿ ರಾಜಕೀಯ ಪಕ್ಕದಲ್ಲೇ ಕೂತಿರುತ್ತದೆ. ಕನಿಷ್ಠ ವೇತನದ ಮಾತು ಬಂದರೆ ಕೆಲವು ಮೇಷ್ಟ್ರುಗಳು ಭಾಷಣ ಶುರು ಮಾಡುತ್ತಾರೆ, ಇನ್ನು ಕೆಲವರು ‘ಅದು ಸಿಲೆಬಸ್‌ನಲ್ಲಿಲ್ಲ’ ಅಂತ ಜಾರಿಕೊಳ್ಳುತ್ತಾರೆ. ಎರಡೂ ತಯಾರಿ ಇಲ್ಲದ್ದರ ಲಕ್ಷಣ. ಪುಸ್ತಕದ ಎರಡು ರೇಖೆ ಹೇಳೋದು, ವೇತನವನ್ನು ಬಲವಂತವಾಗಿ ಏರಿಸಿದರೆ ಕೆಲಸ ಕಮ್ಮಿ ಆಗುತ್ತದೆ ಅಂತ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, 1992ರಲ್ಲಿ ಅಮೆರಿಕದ ನ್ಯೂ ಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನೂ, ವೇತನ ಏರದ ಪಕ್ಕದ ಪೆನ್ಸಿಲ್ವೇನಿಯಾದ ಅಂಗಡಿಗಳನ್ನೂ ಹೋಲಿಸಿ ನೋಡಿದರು. ಕೆಲಸ ಕಮ್ಮಿ ಆದದ್ದು ಕಾಣಲಿಲ್ಲ ಅಂತ 1994ರಲ್ಲಿ ಬರೆದರು. ಅದರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು, ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು, ವಾದ ಈಗಲೂ ನಿಂತಿಲ್ಲ. ತರಗತಿಯಲ್ಲಿ ಹೇಳಿಕೊಡಬೇಕಾದದ್ದು ಇದನ್ನೇ ಅಲ್ವಾ? ರೇಖೆ ಏನು ಹೇಳುತ್ತದೆ, ಅದನ್ನ ಪರೀಕ್ಷಿಸೋದು ಹೇಗೆ, ಎರಡು ರಾಜ್ಯಗಳನ್ನು ಹೋಲಿಸೋದರಲ್ಲಿ ಜಾಣತನ ಎಲ್ಲಿದೆ, ತೊಂದರೆ ಎಲ್ಲಿದೆ. ಮೇಷ್ಟ್ರು ಯಾವ ಪಕ್ಷಕ್ಕೆ ಓಟು ಹಾಕುತ್ತಾರೆ ಅನ್ನೋದು ಅಲ್ಲಿ ಬರೋದೇ ಇಲ್ಲ.

ಮಕ್ಕಳಿಗೆ ಪರೀಕ್ಷೆ ಇಡೋದಂತೂ ನಡೆದೇ ಇದೆ. ಅಮೆರಿಕದಲ್ಲಿ 2006ರಲ್ಲಿ ಮೊದಲ ಸಲ ಹನ್ನೆರಡನೇ ತರಗತಿಯವರಿಗೆ ರಾಷ್ಟ್ರಮಟ್ಟದಲ್ಲಿ ಅರ್ಥಶಾಸ್ತ್ರದ ಮೌಲ್ಯಮಾಪನ ಮಾಡಿದರು. ‘ಪ್ರವೀಣ’ ಮಟ್ಟ ಮುಟ್ಟಿದವರು ಶೇಕಡಾ 42. 2012ರಲ್ಲಿ ಮತ್ತೆ ಮಾಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಅದೇ ದೇಶದಲ್ಲಿ ಮೇಷ್ಟ್ರುಗಳಿಗೆ ಅರ್ಥಶಾಸ್ತ್ರ ಕಲಿಸೋಕೆ ಅಂತಲೇ 1949ರಿಂದ ಒಂದು ಸಂಸ್ಥೆ ಕೆಲಸ ಮಾಡುತ್ತಿದೆ ಅನ್ನೋದನ್ನ ನೆನಪಿಡಿ. ಈಗೀಗ ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ವೈಯಕ್ತಿಕ ಹಣಕಾಸಿನ ಪಾಠವನ್ನೂ ಕಡ್ಡಾಯ ಮಾಡಿವೆ. ಬಜೆಟ್ ಹಾಕೋದು, ಕ್ರೆಡಿಟ್ ಕಾರ್ಡ್ ಬಡ್ಡಿ, ವಿಮೆ. ಬೇಕಾದದ್ದೇ. ಆದರೆ ಹೊಸ ಪಾಠವನ್ನೂ ಅದೇ ಮೇಷ್ಟ್ರ ತಲೆಗೆ ಕಟ್ಟಿ, ಅರ್ಥಶಾಸ್ತ್ರದ ಪೀರಿಯಡ್‌ನಿಂದಲೇ ಸಮಯ ಕಿತ್ತುಕೊಂಡರೆ ಎರಡೂ ಕೆಡುತ್ತವೆ. ಒಬ್ಬರು ಉಳಿತಾಯ ಜಾಸ್ತಿ ಮಾಡಿದರೆ ಅವರಿಗೆ ಒಳ್ಳೇದು, ಎಲ್ಲರೂ ಒಟ್ಟಿಗೇ ಖರ್ಚು ನಿಲ್ಲಿಸಿದರೆ ಎಲ್ಲರ ಆದಾಯವೂ ಇಳಿಯಬಹುದು. ಮನೆಯ ಲೆಕ್ಕ ಕಲಿತವರಿಗೆ ದೇಶದ ಲೆಕ್ಕ ತಾನಾಗಿ ಬರೋದಿಲ್ಲ.

ಹಾಗಾದರೆ ಏನು ಮಾಡಿದರೆ ಕೆಲಸ ಆಗುತ್ತದೆ? ನಾನು ಕಂಡ ಮಟ್ಟಿಗೆ, ತರಬೇತಿಯಲ್ಲಿ ಭಾಷಣ ಕಮ್ಮಿ ಮಾಡಿ ಮೇಷ್ಟ್ರುಗಳನ್ನೇ ವಿದ್ಯಾರ್ಥಿಗಳಾಗಿ ಕೂರಿಸಬೇಕು. ಸ್ಲೈಡ್ ಮೇಲೆ ಸ್ಲೈಡ್ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ತರಬೇತಿಗಳು ಬೇಕಾದಷ್ಟಿವೆ, ಅವುಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಇಸ್ಪೀಟಿನ ಎಲೆಗಳ ಆಟ ಒಂದಿದೆ. ಕೆಂಪು ಎಲೆ ಸಿಕ್ಕವರು ಮಾರುವವರು, ಎಲೆಯ ಮೇಲಿನ ಸಂಖ್ಯೆ ಅವರ ವೆಚ್ಚ. ಕಪ್ಪು ಎಲೆ ಸಿಕ್ಕವರು ಕೊಳ್ಳುವವರು, ಸಂಖ್ಯೆ ಅಂದರೆ ಆ ವಸ್ತುವಿಗೆ ಅವರು ಹೆಚ್ಚೆಂದರೆ ಕೊಡಬಹುದಾದ ಮೊತ್ತ. ಎಲೆ ತೋರಿಸುವ ಹಾಗಿಲ್ಲ. ರೂಮಿನ ನಡುವೆ ನಿಂತು ಕೂಗಾಡಿ ವ್ಯಾಪಾರ ಕುದುರಿಸಬೇಕು. ಮೊದಲ ಸುತ್ತಿನಲ್ಲಿ ಬೆಲೆಗಳು ಎಲ್ಲೆಲ್ಲೋ ಇರುತ್ತವೆ, 3ಕ್ಕೆ ಒಬ್ಬರು ಕೊಟ್ಟರೆ 9ಕ್ಕೆ ಇನ್ನೊಬ್ಬರು ಕೊಂಡಿರುತ್ತಾರೆ. ಎರಡು ಮೂರು ಸುತ್ತು ಆಗುವಷ್ಟರಲ್ಲಿ ಸಾಮಾನ್ಯವಾಗಿ ಎಲ್ಲ ವ್ಯಾಪಾರವೂ ಒಂದೇ ಬೆಲೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಯಾರೂ ಹೇಳಿಲ್ಲ, ಯಾರೂ ಬೆಲೆ ನಿಗದಿ ಮಾಡಿಲ್ಲ! ಆಮೇಲೆ ಎಲೆಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ ಬೇಡಿಕೆ ಪೂರೈಕೆಯ ರೇಖೆ ಎಳೆದರೆ ಅವು ಕೂಡೋದು ಅದೇ ಬೆಲೆಯ ಹತ್ತಿರ. ಮೂವತ್ತು ವರ್ಷ ಆ ಚುಕ್ಕಿಯನ್ನ ಬೋರ್ಡಿನ ಮೇಲೆ ಬರೆದ ಮೇಷ್ಟ್ರು ಒಬ್ಬರು ‘ಓ, ಇದು ನಿಜಾನಾ!’ ಅಂತ ಕೂಗಿದ್ದನ್ನ ನಾನು ಕಿವಿಯಾರೆ ಕೇಳಿದ್ದೇನೆ.

ಈ ಥರದ ಆಟವನ್ನ ತರಗತಿಯಲ್ಲಿ ಮೊದಲು ಮಾಡಿದವರಲ್ಲಿ ಹಾರ್ವರ್ಡಿನ ಎಡ್ವರ್ಡ್ ಚೇಂಬರ್ಲಿನ್ ಒಬ್ಬರು. ಪಾಠದಲ್ಲಿರುವ ಹಾಗೆ ಮಾರುಕಟ್ಟೆ ಸಮತೋಲನಕ್ಕೆ ಬರೋದಿಲ್ಲ ಅಂತ ತೋರಿಸೋಕೆ ಅವರು ಅದನ್ನ ಮಾಡಿದ್ದರು, 1948ರಲ್ಲಿ ಬರೆದರು. ಅದರಲ್ಲಿ ಆಡಿದ ವಿದ್ಯಾರ್ಥಿಗಳಲ್ಲಿ ವರ್ನನ್ ಸ್ಮಿತ್ ಕೂಡ ಇದ್ದರು. ಮುಂದೆ ತಾವೇ ಮೇಷ್ಟ್ರಾದಾಗ ಸ್ಮಿತ್ ನಿಯಮ ಬದಲಿಸಿದರು: ಬೆಲೆಗಳನ್ನ ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು, ಆಟವನ್ನ ಸುತ್ತು ಸುತ್ತಾಗಿ ಮತ್ತೆ ಆಡಬೇಕು. ಆಗ ಬೆಲೆ ಬಂದು ನಿಂತಿತು. 1962ರಲ್ಲಿ ಅದು ಪ್ರಕಟವಾಯ್ತು, 2002ರಲ್ಲಿ ನೊಬೆಲ್ ಬಂತು. ಮೇಷ್ಟ್ರುಗಳಿಗೆ ಈ ಕಥೆ ಹೇಳೋಕೆ ನನಗೆ ಇಷ್ಟ, ಯಾಕಂದರೆ ಇದೆಲ್ಲ ಶುರುವಾದದ್ದು ಪಾಠ ಮಾಡುವಾಗಲೇ.

ಇಂಥದ್ದಕ್ಕೆ ಸಮಯ ಬೇಕು, ಸಮಯ ಇಲ್ಲ. ಇದು ಎಲ್ಲ ಮೇಷ್ಟ್ರುಗಳ ದೂರು, ನಿಜವೂ ಹೌದು. ಅದಕ್ಕೆ ನನ್ನದೊಂದು ಒರಟು ಸಲಹೆ ಇದೆ, ಸಿಲೆಬಸ್ ಬರೆಯುವವರಿಗೆ ಇದು ಇಷ್ಟ ಆಗಲ್ಲ. ಆರ್ಥಿಕ ವ್ಯವಸ್ಥೆಗಳ ವಿಧಗಳು, ಹಣದ ಕಾರ್ಯಗಳು, ತೆರಿಗೆಯ ಲಕ್ಷಣಗಳು, ಕೇಂದ್ರೀಯ ಬ್ಯಾಂಕಿನ ಹತ್ತು ಕೆಲಸಗಳು, ಈ ಪಟ್ಟಿ ಪಾಠಗಳನ್ನೆಲ್ಲ ಎತ್ತಿ ಹೊರಗಿಡಿ. ಅವುಗಳಲ್ಲಿ ಎರಡನೇ ಪ್ರಶ್ನೆಯೇ ಹುಟ್ಟೋದಿಲ್ಲ. ಅವಕಾಶ ವೆಚ್ಚ, ಬೇಡಿಕೆ ಪೂರೈಕೆ, ತುಲನಾತ್ಮಕ ಅನುಕೂಲ (ಇನ್ನೊಬ್ಬರಿಗಿಂತ ಕಮ್ಮಿ ಬಿಟ್ಟುಕೊಟ್ಟು ಒಂದು ವಸ್ತುವನ್ನ ಮಾಡಬಲ್ಲ ಅನುಕೂಲ), ಹಣ ಮತ್ತು ಬೆಲೆ, ನಿರುದ್ಯೋಗ, ಇನ್ನೊಂದು ಬೇಕಾದರೆ ಮಾಲಿನ್ಯದಂಥ ಹೊರಪರಿಣಾಮ, ಅಂದರೆ ಒಬ್ಬರ ಕೆಲಸದ ಫಲ ಸಂಬಂಧವಿಲ್ಲದ ಇನ್ನೊಬ್ಬರಿಗೆ ತಟ್ಟೋದು. ಆರು ಸಾಕು, ಒಂದೊಂದಕ್ಕೂ ತಿಂಗಳುಗಟ್ಟಲೆ ಕೊಡಿ. ತುಲನಾತ್ಮಕ ಅನುಕೂಲ ಒಂದಕ್ಕೇ ಎಷ್ಟು ಹೊತ್ತು ಬೇಕು ಗೊತ್ತಾ? ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕದಲ್ಲಿ ವರ್ಷವೊಂದಕ್ಕೆ ವೈನ್ ಮಾಡೋಕೆ ಪೋರ್ಚುಗಲ್‌ಗೆ 80 ಜನ ಸಾಕು, ಬಟ್ಟೆಗೆ 90. ಇಂಗ್ಲೆಂಡಿಗೆ ವೈನ್‌ಗೆ 120, ಬಟ್ಟೆಗೆ 100. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಅದು ಬಟ್ಟೆಯನ್ನ ಇಂಗ್ಲೆಂಡಿನಿಂದ ತರಿಸಿಕೊಂಡರೇ ಲಾಭ. ಇದನ್ನ ತರಬೇತಿಯಲ್ಲಿ ಕೊಟ್ಟಾಗ ಅರ್ಧ ಮೇಷ್ಟ್ರುಗಳು ‘ಪ್ರಿಂಟ್ ತಪ್ಪಾಗಿರಬೇಕು’ ಅನ್ನುತ್ತಾರೆ. ಲೆಕ್ಕ ಮಾಡಿ ಅಂತ ಹಾಳೆ ಕೊಟ್ಟು ಬಿಡುತ್ತೇನೆ. ವೈನ್ ಮಾಡುವ 80 ಜನರ ದುಡಿಮೆ ಕೊಟ್ಟು, 90 ಜನ ದುಡಿದು ಮಾಡಬೇಕಾಗಿದ್ದ ಬಟ್ಟೆ ತಗೊಂಡ ಹಾಗಾಯ್ತಲ್ಲ ಅಂತ ಯಾರೋ ಒಬ್ಬರಿಗೆ ಹೊಳೆಯುತ್ತದೆ, ಪಕ್ಕದವರು ಒಪ್ಪಲ್ಲ, ಅಲ್ಲಿಂದ ಶುರುವಾದ ಜಗಳ ಊಟದ ಬೆಲ್ ಹೊಡೆದರೂ ನಿಲ್ಲೋದಿಲ್ಲ.